ನೀರಿನ ಮಾತ್ರೆ ಮತ್ತು ಪುಕ್ಕಟೆ ಬಸ್ಸು

ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಆಯುಷ್ಯ ಸವೆಸಿದವಳು ನಾನು. ಸೂಜಿ ಚುಚ್ಚುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ಜನರ ಗಂಟಲಿನಲ್ಲಿ ಮಾತ್ರೆ ಇಳಿಸುವುದಿದೆಯಲ್ಲ, ಅದು ವಿದ್ಯೆ. ಒಬ್ಬರಿಗೆ ಮಾತ್ರೆ ಹೀಟು. ಇನ್ನೊಬ್ಬರಿಗೆ ಜ್ವರ ಬಿಟ್ಟ ಮೇಲೆ ಯಾಕೆ ನುಂಗಬೇಕು ಅನ್ನೋ ತಕರಾರು. ಉಳಿದದ್ದನ್ನು ಮುಂದಿನ ಜ್ವರಕ್ಕೆ ಅಂತ ದೇವರ ಗೂಡಿನಲ್ಲಿ ಎತ್ತಿಟ್ಟಿರುತ್ತಾರೆ. ಒಬ್ಬಾಕೆಯಂತೂ ತನಗೆ ಬರೆದ ಮಾತ್ರೆಯಲ್ಲಿ ಅರ್ಧ ಗಂಡನಿಗೆ ತಿನ್ನಿಸಿದ್ದಳು. ಯಾಕಮ್ಮಾ ಅಂದರೆ, ಪಾಪ, ಅವರಿಗೂ ಸ್ವಲ್ಪ ಶಕ್ತಿ ಬರಲಿ ಅಂತ ಎಂದಳು.

ಹೀಗಾಗಿ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಮಾತ್ರೆ ಕೊಟ್ಟು ಮಂಚದ ಪಕ್ಕದಲ್ಲೇ ನಿಲ್ಲುವುದು. ನುಂಗಿದ ಮೇಲೆ ಬಾಯಿ ತೆರೆಸುವುದು. ಆಮೇಲೆ "ನಾಲಿಗೆ ಎತ್ತು" ಅನ್ನುವುದು. ನಾಲಿಗೆಯ ಅಡಿಯಲ್ಲಿ ಮಾತ್ರೆ ಬಚ್ಚಿಟ್ಟುಕೊಂಡು, ನಾನು ಆಚೆ ಹೋದ ಕೂಡಲೇ ಕಿಟಕಿಯಿಂದ ಉಗಿಯುವ ಜನ ಇದ್ದರು. ನನ್ನ ಕೈಯಲ್ಲಿ ಆ ಆಟ ನಡೆಯುತ್ತಿರಲಿಲ್ಲ. ಬೆನ್ನ ಹಿಂದೆ ನನ್ನನ್ನು ಜೋರಿನ ಸಿಸ್ಟರ್ ಅನ್ನುತ್ತಿದ್ದರು, ಅನ್ನಲಿ ಬಿಡಿ. ರಿಟೈರ್ ಆದ ಮೇಲೆ ಒಮ್ಮೆ ಚನ್ನಗಿರಿ ಸಂತೆಯಲ್ಲಿ ಹಳೇ ರೋಗಿಯೊಬ್ಬ ಎದುರಾಗಿ, ನಮಸ್ಕಾರ ಮಾಡುವ ಬದಲು ಬಾಯಿ ತೆರೆದು ನಿಂತುಬಿಟ್ಟ. ಅಷ್ಟು ಹೆದರಿಕೆ ಇಟ್ಟಿದ್ದೆ ನಾನು.

ಇಂಥ ನನಗೆ ನನ್ನ ಮನೆಯಲ್ಲೇ ಒಬ್ಬ ರೋಗಿ ಸಿಕ್ಕಳು. ನನ್ನ ಸ್ವಂತ ಅಕ್ಕ. ಚಿಕ್ಕಂದಿನಲ್ಲೇ ಅವ್ವ ತೀರಿಹೋದಳು. ಅಕ್ಕನೇ ನನ್ನನ್ನು ಕಂಕುಳಲ್ಲಿ ಹೊತ್ತು, ತಲೆ ಬಾಚಿ, ಬೈದು ಬೆಳೆಸಿದಳು. ಭಾವ ಹೋದ ಮೇಲೆ ಚನ್ನಗಿರಿಗೆ ನನ್ನ ಮನೆಗೇ ಬಂದಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬಳನ್ನು ನ್ಯಾಮತಿಗೆ ಕೊಟ್ಟಿದೆ, ಇನ್ನೊಬ್ಬಳನ್ನು ಜಗಳೂರಿಗೆ. ಬಂದ ಹೊಸದರಲ್ಲಿ ಚೆನ್ನಾಗಿಯೇ ಇದ್ದಳು. ಆಮೇಲೆ ಒಂದು ಬೆಳಿಗ್ಗೆ ಹಾಸಿಗೆಯ ಮೇಲೆ ಎದ್ದು ಕೂತವಳಿಗೆ ಮತ್ತೆ ಮಲಗಲು ಆಗಲಿಲ್ಲ. ಉಸಿರು ಸಿಗದೆ ಗೋಡೆ ಹಿಡಿದು ಒದ್ದಾಡಿದಳು, ತುಟಿ ನೀಲಿಯಾಗಿತ್ತು. ಎಷ್ಟೋ ಜನರ ಅಂಥ ಸ್ಥಿತಿ ನೋಡಿದವಳು ನಾನು, ಆದರೆ ಅವತ್ತು ಪಕ್ಕದ ಮನೆಯವರನ್ನು ಕೂಗಿ ಕರೆಯಬೇಕಾಯಿತು.

ದಾವಣಗೆರೆಯ ಆಸ್ಪತ್ರೆಯಲ್ಲಿ ಉಳಿಸಿಕೊಟ್ಟರು. ಹಾರ್ಟು ವೀಕಾಗಿದೆ, ಮೈಯ ನೀರನ್ನು ಸರಿಯಾಗಿ ಸಾಗಿಸುತ್ತಿಲ್ಲ, ಅದು ಮೊದಲು ಕಾಲಿಗೆ ಇಳಿಯುತ್ತದೆ, ಆಮೇಲೆ ಶ್ವಾಸಕೋಶಕ್ಕೆ ಸೇರುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ವಯಸ್ಸಿನಲ್ಲಿ ನನಗೆ ಮಗನಾಗಬೇಕು, ಒಳ್ಳೆಯ ಹುಡುಗ. ಬೇರೆ ಮಾತ್ರೆಗಳ ಜೊತೆ ಒಂದು ನೀರಿನ ಮಾತ್ರೆ ಬರೆದರು. ಬೆಳಿಗ್ಗೆ ಅದನ್ನು ನುಂಗಿದರೆ ಮಧ್ಯಾಹ್ನದ ತನಕ ಒಂದಕ್ಕೆ ಓಡಾಡಬೇಕು. ಬೇಡದ ನೀರೆಲ್ಲ ಹಾಗೇ ಹೋಗುವುದು. ಅದೊಂದನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ ಅಂದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಸಲ ಇದೇ ಸ್ಥಿತಿಯಲ್ಲಿ ಬಂದರೆ ನಾನು ಭರವಸೆ ಕೊಡಲಾರೆ ಎಂದರು. ನಾನಿದ್ದೀನಲ್ಲ ಡಾಕ್ಟರೇ, ನನ್ನ ಕೈಯಲ್ಲಿ ಮಾತ್ರೆ ತಪ್ಪಿಸಿದವರು ಯಾರಿದ್ದಾರೆ ಎಂದು ಜಂಬದಿಂದ ಹೇಳಿ ಬಂದೆ.

ಅದೇ ಹೊತ್ತಿಗೆ ಸರಿಯಾಗಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯಿತು. ಆದದ್ದೇ ಆದದ್ದು, ಅಕ್ಕನ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ಜೀವಮಾನವೆಲ್ಲ ಎಲ್ಲಿಗೆ ಹೋಗಬೇಕಾದರೂ ಭಾವನ ಮುಖ ನೋಡಿ ಬಸ್‌ಚಾರ್ಜು ಕೇಳಬೇಕಾಗಿದ್ದವಳು ಈಗ ಆಧಾರ್ ಕಾರ್ಡನ್ನು ಎಲೆಅಡಿಕೆ ಸಂಚಿಯೊಳಗೆ ಸಿಕ್ಕಿಸಿಕೊಂಡು ಹೊರಟಳೆಂದರೆ ಹೊರಟಳು. ಚಟ್ನಿಪುಡಿ ಮಾಡಿದರೆ ಮಗಳಿಗೆ ಕೊಡಲು ನ್ಯಾಮತಿಗೆ. ಶೇಂಗಾ ಕಿತ್ತಿದ್ದಾರಂತೆ ಎಂದು ಜಗಳೂರಿಗೆ. ಹೊನ್ನಾಳಿಯಲ್ಲಿ ನಮಗೆ ನೆಂಟರಿರಲಿ, ಪರಿಚಯದವರೂ ಇರಲಿಲ್ಲ. ನ್ಯಾಮತಿಗೆ ಅಲ್ಲಿ ಬಸ್ಸು ಬದಲಾಯಿಸುವಾಗ ಒಬ್ಬ ಹೂವಿನಾಕೆಯನ್ನು ಗೊತ್ತು ಮಾಡಿಕೊಂಡು, ಆಮೇಲೆ ಆಕೆಯನ್ನು ಮಾತಾಡಿಸಿಕೊಂಡು ಬರುತ್ತೇನೆಂದು ಹೊನ್ನಾಳಿಗೇ ಹೋಗತೊಡಗಿದಳು. ಪ್ರೈವೇಟ್ ಬಸ್ಸಿನವರು ಬಾ ಅಜ್ಜಿ, ಸೀಟೈತೆ ಅಂತ ಗಂಟಲು ಹರಿದುಕೊಂಡರೂ ತಿರುಗಿ ನೋಡುತ್ತಿರಲಿಲ್ಲ. ಕೆಂಪು ಬಸ್ಸೇ ಬರಬೇಕು.

ಹೋಗಲಿ, ಖುಷಿಯಾಗಿದ್ದಾಳಲ್ಲ ಎಂದು ನಾನೂ ಸುಮ್ಮನಿದ್ದೆ. ಆದರೆ ಅವಳ ಕಾಲು ಮತ್ತೆ ಬಾತುಕೊಳ್ಳತೊಡಗಿತು. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು, ಕೈ ತೆಗೆದ ಮೇಲೂ ಹಾಗೇ ಇರುತ್ತಿತ್ತು. ಮಾತ್ರೆಯನ್ನಂತೂ ದಿನಾ ನಾನೇ ಕೈಯಾರೆ ತೆಗೆದುಕೊಡುತ್ತಿದ್ದೆ. ಹಾಗಾದರೆ ಉಪ್ಪು ಇರಬೇಕೆಂದು ಉಪ್ಪಿನಕಾಯಿ ಭರಣಿಯನ್ನು ಪಕ್ಕದ ಮನೆಗೆ ಸಾಗಿಸಿದೆ. ಆದರೂ ಬಾವು ಇಳಿಯಲಿಲ್ಲ. ಮಾತ್ರೆಯೇ ಡೂಪ್ಲಿಕೇಟ್ ಇರಬೇಕೆಂದು ಮೆಡಿಕಲ್ ಸ್ಟೋರಿನವನ ಜೊತೆ ಜಗಳ ಆಡಿದೆ. ಪಾಪ, ಅವನು ಬಿಲ್ಲು, ಬ್ಯಾಚು ಎಲ್ಲ ತೋರಿಸಿದ, ನಾನು ನಂಬಲಿಲ್ಲ. ಕೊನೆಗೆ ದಾವಣಗೆರೆಗೆ ಕರೆದುಕೊಂಡು ಹೋದೆ. ಡಾಕ್ಟರು ತಲೆ ಕೆರೆದುಕೊಂಡು ಮಾತ್ರೆಯ ಪವರ್ ಹೆಚ್ಚಿಸಿದರು. ಅದರ ಮಾರನೇ ದಿನ ಅಕ್ಕ ಮನೆಯಲ್ಲೇ ಇದ್ದಳು. ತಲೆ ಸುತ್ತು ಬಂದು ಬಚ್ಚಲಮನೆಯ ಬಾಗಿಲಿಗೆ ಒರಗಿ ಕೂತುಬಿಟ್ಟಳು. ಇದೇನಪ್ಪಾ ಇದು, ಒಂದು ದಿನ ಮಾತ್ರೆ ಕೆಲಸವೇ ಮಾಡಲ್ಲ, ಒಂದು ದಿನ ಎರಡು ಪಟ್ಟು ಮಾಡುತ್ತೆ ಎಂದು ನನ್ನ ತಲೆ ಕೆಟ್ಟು ಮೊಸರಾಯಿತು.

ನೀವು ಕೇಳಬಹುದು, ನಾಲಿಗೆ ಎತ್ತಿಸಲಿಲ್ಲವೇ ಎಂದು. ಹೇಗೆ ಎತ್ತಿಸಲಿ? ನನ್ನ ಹಾಲುಹಲ್ಲು ಬಿದ್ದಾಗ ಬಾಯಿ ತೆರೆಸಿ ನೋಡಿದವಳು ಅವಳು. ಅವಳ ಮುಂದೆ ನಿಂತು ಬಾಯಿ ತೆಗಿ ಅನ್ನಲು ನನಗೂ ನಾಲಿಗೆ ಬರಲಿಲ್ಲ. ಅದೂ ಅಲ್ಲದೆ ನಾನು ಮಾತ್ರೆ ಹಿಡಿದು ಹೋಗುವ ಹೊತ್ತಿಗೆ ಅವಳು ವಿಭೂತಿ ಹಚ್ಚಿಕೊಂಡು ಕೂತಿರುತ್ತಿದ್ದಳು. ಲಿಂಗಪೂಜೆ ಮುಗಿಯದೆ ಒಂದು ಹನಿ ನೀರನ್ನೂ ಬಾಯಿಗೆ ಹಾಕುವವಳಲ್ಲ. ಕೈ ಚಾಚಿ ಮಾತ್ರೆ ಇಸಕೊಂಡು, ಪೂಜೆ ಆಗ್ಲಿ ಕಣೆ, ಆಮೇಲೆ ತಗೊಂತೀನಿ ಎಂದು ಕಣ್ಣು ಮುಚ್ಚುತ್ತಿದ್ದಳು. ಶಿವನಿಗೂ ಅವಳಿಗೂ ನಡುವೆ ನಾನು ಹೇಗೆ ಹೋಗಲಿ? ಅಡುಗೆ ಮನೆಗೆ ಹೋಗುತ್ತಿದ್ದೆ.

ಹೋದ ವರ್ಷ ಮಳೆಗಾಲದ ಕೊನೆಗೆ ನ್ಯಾಮತಿಯಲ್ಲಿ ಅಕ್ಕನ ಮೊಮ್ಮಗಳ ಸೀಮಂತ ಬಂತು. ಕಾಲು ಬಾತಿದೆ, ಬೇಡ ಎಂದೆ. ನಾನು ಎತ್ತಿ ಆಡಿಸಿದ ಕೂಸಿನ ಸೀಮಂತ, ತೆವಳಿಕೊಂಡಾದರೂ ಹೋಗುತ್ತೇನೆ ಎಂದಳು. ಒಬ್ಬಳನ್ನೇ ಕಳಿಸಲು ಧೈರ್ಯ ಸಾಲದೆ ನಾನೂ ಹೊರಟೆ. ಹೊನ್ನಾಳಿಯ ಬಸ್ಸು ಬಂದಾಗ ನುಗ್ಗಾಟದಲ್ಲಿ ನನಗೆ ಡ್ರೈವರಿನ ಹಿಂದೆ ಸೀಟು ಸಿಕ್ಕಿತು, ಅಕ್ಕನಿಗೆ ಬಸ್ಸಿನ ನಡುವೆ, ಒಬ್ಬ ದಪ್ಪನೆಯ ಹೆಂಗಸಿನ ಪಕ್ಕ. ಒಮ್ಮೆ ತಿರುಗಿ ನೋಡಿದಾಗ ಇಬ್ಬರೂ ಆಗಲೇ ಸಂಚಿ ಬಿಚ್ಚಿಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅಕ್ಕನಿಗೆ ಬಸ್ಸಿನಲ್ಲಿ ಗೆಳೆತನ ಆಗಲು ಒಂದು ಸ್ಟಾಪು ಸಾಕು. ನಾನು ನಿಶ್ಚಿಂತೆಯಿಂದ ಕಣ್ಣು ಮುಚ್ಚಿದೆ.

ಮುಕ್ಕಾಲು ದಾರಿ ಸವೆಸಿರಬೇಕು, ಬಸ್ಸು ನಿಲ್ಲಿಸ್ರೀ ಎಂಬ ಕೂಗು ಕೇಳಿತು. ಅಕ್ಕನ ಪಕ್ಕದ ಆ ಹೆಂಗಸು ಜನರನ್ನು ಸರಿಸಿಕೊಂಡು ಬಾಗಿಲಿಗೆ ಬಂದಳು. ಡ್ರೈವರ್ ನಿಲ್ಲಿಸಿದ. ಆಕೆ ಇಳಿದು ಬೇಲಿಯ ಆಚೆಗೆ ಹೋಗಿ ಬಂದಳು. ಬಸ್ಸು ಹೊರಟಿತು. ಇನ್ನೂ ಟಾಪ್ ಗೇರಿಗೆ ಬಿದ್ದಿರಲಿಲ್ಲ, ಮತ್ತೆ ಅದೇ ಕೂಗು. ಮತ್ತೆ ನಿಂತಿತು. ಹಿಂದಿನ ಸೀಟಿನ ಗಂಡಸರು ಕಿಸಕ್ಕೆಂದು ನಕ್ಕರು, ಕಂಡಕ್ಟರ್ ವಾಚು ನೋಡಿಕೊಂಡ. ಆಕೆ ಕ್ಯಾರೇ ಅನ್ನಲಿಲ್ಲ. ಹೊನ್ನಾಳಿ ಇನ್ನೇನು ಬಂತು ಅನ್ನುವಾಗ ಮೂರನೇ ಸಲ ಎದ್ದಳು. ಕಂಡಕ್ಟರಿಗೆ ತಡೆಯಲಾಗಲಿಲ್ಲ.

"ಏನಮ್ಮಾ, ಏನು ಕುಡ್ಕೊಂಡು ಬಂದಿದೀರಾ?" ಎಂದ.

"ನಾನೇನೂ ಕುಡಿದಿಲ್ಲ ಕಣಪ್ಪ. ಆಯಮ್ಮ ಕಾಲುಬಾವಿಗೆ ಒಳ್ಳೇದು ಅಂತ ಎಲೆಅಡಿಕೆ ಜೊತೆ ಒಂದು ಮಾತ್ರೆ ಕೊಟ್ಳು. ನುಂಗಿದ್ದೇ ನುಂಗಿದ್ದು, ಹಿಂಗಾಗೈತೆ" ಎಂದು ಅಕ್ಕನ ಕಡೆ ಕೈ ತೋರಿಸಿದಳು.

ಅಕ್ಕ ಕಿಟಕಿಯ ಆಚೆ ನೋಡುತ್ತಿದ್ದಳು, ಆ ಹೊಲಗಳನ್ನು ಕೊಳ್ಳಲು ಬಂದವಳ ಹಾಗೆ.

ನಾನು ಎದ್ದು ಹೋದೆ. ಅವಳ ತೊಡೆಯ ಮೇಲಿದ್ದ ಸಂಚಿ ಕಿತ್ತುಕೊಂಡು ಸೀಟಿನ ಮೇಲೆ ಸುರಿದೆ. ಎಲೆ, ಅಡಿಕೆ, ಲವಂಗ, ಸುಣ್ಣದ ಡಬ್ಬಿ, ಆಧಾರ್ ಕಾರ್ಡು ಬಿದ್ದವು. ಅವುಗಳ ನಡುವೆ ನೀರಿನ ಮಾತ್ರೆಗಳು. ಕೆಲವಕ್ಕೆ ಸುಣ್ಣ ಮೆತ್ತಿತ್ತು, ಕೆಲವು ಅಡಿಕೆಯ ಬಣ್ಣಕ್ಕೆ ತಿರುಗಿದ್ದವು. ಎಲ್ಲವೂ ನಾನೇ ಬೆಳಿಗ್ಗೆ ಬೆಳಿಗ್ಗೆ ಎದ್ದು ಕೈಯಾರೆ ಕೊಟ್ಟವು. ನುಂಗದಿದ್ದರೆ ಹಾಳಾಗಲಿ, ಎಸೆದಾದರೂ ಎಸೆಯಬಾರದಿತ್ತೇ ಎಂದರೆ, ದುಡ್ಡು ಕೊಟ್ಟು ತಂದದ್ದು, ಎಸೆಯಾಕೆ ಮನಸು ಬರ್ಲಿಲ್ಲ ಎಂದಳು.

ನನಗೆ ಮೈಯೆಲ್ಲಾ ಉರಿದುಹೋಯಿತು. ಬಸ್ಸು ತುಂಬ ಜನ ಇದ್ದಾರೆ ಅನ್ನುವುದೂ ಮರೆತು ಕೂಗಾಡಿದೆ. ಉಸಿರು ಕಟ್ಟಿ ಗೋಡೆ ಹಿಡಿದು ಕೂತದ್ದು ಮರೆತುಹೋಯಿತೇ, ಇನ್ನೊಂದು ಸಲ ಹಾಗಾದರೆ ಡಾಕ್ಟರು ಕೈ ಚೆಲ್ಲುತ್ತಾರಂತೆ, ನನ್ನನ್ನು ಒಬ್ಬಳನ್ನೇ ಬಿಟ್ಟು ಹೋಗುವ ಆಸೆ ಇದ್ದರೆ ಮೊದಲೇ ಹೇಳು ಎಂದೆ. ಮೂರನೇ ಸಲ ಇಳಿದು ಬಂದ ಆ ಹೆಂಗಸನ್ನೂ ಬಿಡಲಿಲ್ಲ. ಯಾರೋ ಕೊಟ್ಟದ್ದನ್ನೆಲ್ಲ ನುಂಗುತ್ತೀಯಲ್ಲ, ವಿಷ ಕೊಟ್ಟಿದ್ದರೆ ಏನು ಮಾಡುತ್ತಿದ್ದೆ ಎಂದು ಅವಳ ಕಾಲು ಎಳೆದು ನೋಡಿದೆ. ಬಾವು ಹೌದು, ಆದರೆ ಒಂದೇ ಕಾಲಿಗೆ. ನಲ್ಲಿಯ ಹತ್ತಿರ ಜಾರಿ ಉಳುಕಿಸಿಕೊಂಡಿದ್ದಳಂತೆ. ಉಳುಕಿದ ಕಾಲಿಗೆ ಹಾರ್ಟಿನ ಮಾತ್ರೆ! ನಾಡಿ ಹಿಡಿದು ನೋಡಿ, ನನ್ನ ಬಾಟಲಿಯ ನೀರು ಕುಡಿಸಿ, ಹೊನ್ನಾಳಿಯಲ್ಲಿ ಇಳಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕೊಡಿಸಿ, ತಲೆ ಸುತ್ತಿದರೆ ಸೀದಾ ಆಸ್ಪತ್ರೆಗೆ ಹೋಗು ಎಂದು ಕಳಿಸಿದೆ. ಹೋಗುವಾಗ ಅವಳು ಅಕ್ಕನಿಗೆ, ಮಾತ್ರೆ ಭಾಳ ಪವರ್ ಐತೆ ಬಿಡ್ರಿ ಎಂದು ಹೊಗಳಿ ಹೋದಳು.

ನ್ಯಾಮತಿಯ ಬಸ್ಸಿಗೆ ಕಾಯುತ್ತಾ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ಅಕ್ಕ ತನ್ನ ಹೂವಿನಾಕೆಯ ಕಡೆಗೂ ನೋಡಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಅವಳನ್ನು ಕೇಳಿದೆ. ಅಕ್ಕಪಕ್ಕ ನೋಡಿ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು.

"ಅದು ನುಂಗಿದ್ರೆ ಗಳಿಗೆಗೊಂದು ಸಲ ಹೋಗ್ಬೇಕು ಕಣೆ. ಬಸ್ಸಿನಾಗೆ ಎಲ್ಲಿಗೆ ಹೋಗ್ಲಿ?"

"ನಿಲ್ಲಿಸ್ರಿ ಅಂತ ಕೇಳ್ಬೇಕು."

"ಪುಕ್ಕಟೆ ಕುಂತು ಹೋಗೋರು ನಾವು. ಕಂಡಕ್ಟ್ರು ಮೊದ್ಲೇ ಮುಖ ಗಂಟು ಹಾಕ್ಕೊಂಡಿರ್ತಾನೆ. ಮೇಲೆ ಬಸ್ಸು ಬೇರೆ ನಿಲ್ಲಿಸು ಅಂತ ಯಾವ ಬಾಯಿಂದ ಕೇಳ್ಲಿ?"

ಇದನ್ನು ಡಾಕ್ಟರಿಗೆ ಹೇಳೋಣವೆಂದರೆ ಅವರು ಗಂಡಸು. ನನಗೆ ಹೇಳೋಣವೆಂದರೆ, ಹಾಗಿದ್ದರೆ ತಿರುಗಾಟ ಬಿಡು ಅನ್ನುತ್ತಿದ್ದೆನಂತೆ. ಖಂಡಿತ ಅನ್ನುತ್ತಿದ್ದೆ, ಅದರಲ್ಲಿ ಸುಳ್ಳೇನಿದೆ. ಹೀಗಾಗಿ ಬಸ್ಸು ಹತ್ತುವ ದಿನ ಮಾತ್ರೆ ಸಂಚಿಗೆ, ಮನೆಯಲ್ಲಿರುವ ದಿನ ಹೊಟ್ಟೆಗೆ. ಮನಸ್ಸಿಗೆ ಚುಚ್ಚಿದರೆ ತಪ್ಪಿಸಿದ್ದಕ್ಕೆ ಸೇರಿಸಿ ಎರಡು ಒಟ್ಟಿಗೆ. ಬಚ್ಚಲಮನೆಯ ಬಾಗಿಲಿಗೆ ಒರಗಿ ಕೂತದ್ದರ ಗುಟ್ಟು ಅದು. ಹೊರಟ ದಿನ ನೀರನ್ನೂ ಕುಡಿಯುತ್ತಿರಲಿಲ್ಲವಂತೆ. ನೀರೇ ಕುಡಿಯದಿದ್ದ ಮೇಲೆ ನೀರಿನ ಮಾತ್ರೆ ಯಾಕೆ ಬೇಕು ಎಂದು ನನಗೇ ವಾದ ಹಾಕಿದಳು. ಆಮೇಲೆ ನಿಧಾನವಾಗಿ ಕೇಳಿದಳು.

"ಆಯಮ್ಮನೂ ಪುಕ್ಕಟೆನೇ ಅಲ್ವೇನೆ ಬಂದಿದ್ದು?"

"ಹೌದು."

"ಆದ್ರೂ ನಿಲ್ಲಿಸಿದ್ರಲ್ಲ."

ಯಾರೋ ಕಂಡಕ್ಟರನ ಗಂಟುಮುಖಕ್ಕೆ ಹೆದರಿ ಇಷ್ಟು ದಿನ ತನ್ನ ಉಸಿರನ್ನೇ ಪಣಕ್ಕಿಟ್ಟಿದ್ದಳು ಇವಳು. ನನಗೆ ಅಳು ಬಂತು. ಸುಣ್ಣದ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕುವ ನೆಪದಲ್ಲಿ ಸಂಚಿಯೊಳಗೆ ತಲೆ ಬಗ್ಗಿಸಿಕೊಂಡು ಕೂತೆ. ಯಾಕೆ ಅಳ್ತೀಯಾ, ಸೀಮಂತಕ್ಕೆ ಹೊರಟೀವಿ, ಅಪಶಕುನ ಎಂದು ಅಕ್ಕನೇ ನನಗೆ ಬೈದಳು.

ಸೀಮಂತ ಮುಗಿಸಿ ಬಂದವರೇ ದಾವಣಗೆರೆಗೆ ಹೋದೆವು. ಡಾಕ್ಟರಿಗೆ ನಾನೇ ಎಲ್ಲ ಹೇಳಿದೆ. ಅಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಗೋಡೆ ನೋಡುತ್ತಿದ್ದಳು. ಅವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ, ಅಯ್ಯೋ, ನಾನು ಪವರ್ ಬೇರೆ ಹೆಚ್ಚಿಸಿಬಿಟ್ಟೆನಲ್ಲ ಎಂದು ಹಳೆಯ ಪವರಿಗೇ ಇಳಿಸಿದರು. ಹತ್ತಿರದ ಊರಾದರೆ ಹೋಗಿ ಇಳಿದ ಮೇಲೆ ನುಂಗಲಿ, ಮಧ್ಯಾಹ್ನ ಆದರೂ ನಡೆಯುತ್ತೆ. ಜಗಳೂರಿನಂಥ ದೂರದ ದಾರಿಗೆ ಬೆಳಿಗ್ಗೆಯೇ ನುಂಗಿ ಹೊರಡಲಿ, ಬಸ್ಸು ನಿಲ್ಲಿಸಲು ಕೇಳಲಿ. ತಪ್ಪಿದ್ದಕ್ಕೆ ಸೇರಿಸಿ ಎರಡು ಮಾತ್ರ ಯಾವತ್ತೂ ಬೇಡ. ಇಷ್ಟು ಹೇಳಿ, ಅಜ್ಜಿ, ತಿರುಗಾಟ ಬಿಡಬೇಡಿ, ಮಾತ್ರೆ ಬಿಡಬೇಡಿ ಎಂದರು. ಅಕ್ಕ ಮೊದಲನೆಯದಕ್ಕೆ ಜೋರಾಗಿ ತಲೆ ಆಡಿಸಿದಳು.

ಮಾರನೇ ದಿನದಿಂದ ಪೂಜೆಯನ್ನು ಬೇಗ ಮುಗಿಸಿ ಅವಳೇ ಅಡುಗೆ ಮನೆಗೆ ಬರತೊಡಗಿದಳು. ನನ್ನ ಎದುರಿಗೇ ಮಾತ್ರೆ ನುಂಗಿ, ನಾನು ಕೇಳದೆಯೇ ಬಾಯಿ ಅಗಲಿಸಿ ನಾಲಿಗೆ ಎತ್ತಿ ಅಣಕಿಸುತ್ತಿದ್ದಳು. ಅಣಕಿಸಿದರೂ ಚಿಂತೆಯಿಲ್ಲ, ನಾನು ಬಗ್ಗಿ ನೋಡಿಯೇ ಬಿಡುತ್ತಿದ್ದೆ. ಕಾಲಿನ ಬಾವು ದಿನದಿಂದ ದಿನಕ್ಕೆ ಇಳಿಯಿತು.

ಆದರೆ ನಿಜವಾದ ಪರೀಕ್ಷೆ ಇದ್ದದ್ದು ಜಗಳೂರಿನ ದಾರಿಯಲ್ಲಿ. ದಸರೆಗೆ ಮೊದಲು ಮಗಳನ್ನು ನೋಡಿ ಬರಬೇಕೆಂದಳು. ಬೆಳಿಗ್ಗೆ ಮಾತ್ರೆ ನುಂಗಿ ಹೊರಟೆವು. ದಾವಣಗೆರೆಯ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಹೋಗಿ ಬಂದದ್ದಾಯಿತು. ಜಗಳೂರಿನ ಬಸ್ಸು ಊರು ದಾಟಿ ಬಯಲಿಗೆ ಬೀಳುವ ಹೊತ್ತಿಗೆ ಅಕ್ಕನ ಮಾತು ನಿಂತಿತು. ಸೆರಗು ಸರಿಮಾಡಿಕೊಂಡಳು, ಮತ್ತೆ ಸರಿಮಾಡಿಕೊಂಡಳು. ನಾನು ಹೇಳಲಾ ಎಂದೆ. ನೀನು ಸುಮ್ನಿರು ಎಂದು, ಎದ್ದು, ಮೇಲಿನ ಕಂಬಿ ಹಿಡಿದುಕೊಂಡಳು.

"ಅಪ್ಪಾ, ಕಂಡಕ್ಟ್ರೇ, ಬಸ್ಸು ಒಂಚೂರು ನಿಲ್ಲಿಸ್ಬೇಕಿತ್ತು. ಹಾರ್ಟಿನ ಮಾತ್ರೆ ತಗೊಂಡೀನಿ."

ಆ ಕಂಡಕ್ಟರ್ ಮುಖ ಗಂಟು ಹಾಕಲೇ ಇಲ್ಲ. ಬಗ್ಗಿ ಹೊರಗೆ ನೋಡಿದ. ಎರಡೂ ಕಡೆ ಶೇಂಗಾ, ಮೊಣಕಾಲುದ್ದವೂ ಇಲ್ಲದ ಬೆಳೆ, ಅದರಾಚೆ ಕುರಿಮಂದೆ.

"ಇಲ್ಲಿ ಮರೆ ಇಲ್ಲ ಅಜ್ಜಿ. ಮುಂದೆ ಮೆಕ್ಕೆಜೋಳದ ಹೊಲ ಬರ್ತಾವೆ, ಅಲ್ಲಿ ನಿಲ್ಲಿಸ್ತೀನಿ. ತಡ್ಕೊಂತೀರಾ?" ಎಂದ.

ಅಲ್ಲಿಂದ ಇಡೀ ಬಸ್ಸು ಮೆಕ್ಕೆಜೋಳ ಹುಡುಕತೊಡಗಿತು. ಎಡಕ್ಕೆ ಶೇಂಗಾ, ಬಲಕ್ಕೆ ಶೇಂಗಾ. ಕಿಟಕಿಯ ಪಕ್ಕದವರೆಲ್ಲ ಕತ್ತು ಹೊರಗೆ ಹಾಕಿ ನೋಡಿದರು. ಒಬ್ಬ ರೈತ ಎದ್ದು ನಿಂತು, ಇದೇ ನನ್ನ ಹೊಲ, ಹೋದ ವರ್ಷ ಮೆಕ್ಕೆಜೋಳನೇ ಇತ್ತು, ಈ ವರ್ಷ ಈರುಳ್ಳಿ ಹಾಕಿಬಿಟ್ಟೆ ಎಂದು ಅಕ್ಕನಿಗೆ ತನ್ನಿಂದ ಅನ್ಯಾಯವಾದ ಹಾಗೆ ಪೇಚಾಡಿಕೊಂಡ. ಅಕ್ಕ, ಇರ್ಲಿ ಬಿಡಪ್ಪ, ಈರುಳ್ಳಿಗೆ ಒಳ್ಳೇ ರೇಟ್ ಬರ್ಲಿ ಎಂದು ಆ ಸಂಕಟದಲ್ಲೂ ಹಾರೈಸಿದಳು. ಕೊನೆಗೆ ಒಂದು ತಿರುವು ದಾಟಿದ ಮೇಲೆ ಆಳೆತ್ತರದ ಮೆಕ್ಕೆಜೋಳ ಕಂಡಿತು. ಕಂಡಕ್ಟರ್ ಹೋಲ್ಡಾನ್ ಎಂದ.

ಅಕ್ಕ ಇಳಿದಳು, ಹಿಂದೆ ನಾನು. ನನ್ನ ಹಿಂದೆ ಒಬ್ಬಳು ಇಳಿದಳು, ಅವಳ ಹಿಂದೆ ಇಬ್ಬರು. ತಿರುಗಿ ನೋಡಿದರೆ ಬಸ್ಸಿನಲ್ಲಿದ್ದ ಹೆಂಗಸರಲ್ಲಿ ಬಹುಪಾಲು ಎದ್ದು ಸಾಲಾಗಿ ಇಳಿಯುತ್ತಿದ್ದರು. ಎಲ್ಲರೂ ಅಷ್ಟು ಹೊತ್ತು ತುಟಿ ಕಚ್ಚಿಕೊಂಡು ಕೂತಿದ್ದವರೇ. ಗಂಡಸರು ಬಸ್ಸಿನ ಆಚೆ ಬದಿಗೆ ಮುಖ ತಿರುಗಿಸಿ ಮಳೆಬೆಳೆಯ ಮಾತಿಗೆ ಹತ್ತಿದರು.

ವಾಪಸ್ ಹತ್ತುವಾಗ ನನ್ನ ವಯಸ್ಸಿನ ಒಬ್ಬಾಕೆ ಅಕ್ಕನ ಕೈ ಹಿಡಿದುಕೊಂಡಳು.

"ನೀವು ಕೇಳಿದ್ದೇ ಪುಣ್ಯ ನೋಡ್ರಿ. ನನಗೂ ಹಾರ್ಟಿಗೆ ಒಂದು ನೀರಿನ ಮಾತ್ರೆ ಕೊಟ್ಟಾರೆ. ಬಸ್ಸು ಹತ್ತೋ ದಿನ ನಾನು ನುಂಗಾದೇ ಇಲ್ಲ" ಎಂದು ತನ್ನ ಸಂಚಿ ಬಿಚ್ಚಿದಳು. ಶೀಟಿನಿಂದ ಹೆಸರಿನ ಸಮೇತ ಕತ್ತರಿಸಿದ ಒಂದು ಮಾತ್ರೆ ಎಲೆಯ ನಡುವೆ ಇತ್ತು.

ನಾನು ಹೆಸರು ಓದಿ ನೋಡಿದೆ. ಆಕೆ ಹೇಳಿದ ಮಾತ್ರೆಯೇ, ಕೇಳಿದರೆ ಅವತ್ತು ಬೆಳಿಗ್ಗೆ ನುಂಗಬೇಕಾದದ್ದೇ. ಅಕ್ಕ ನನ್ನ ಮುಖ ನೋಡಿದಳು. ನಾನು ಹೂಂ ಅಂದದ್ದೇ ತಡ, ನನ್ನ ಬ್ಯಾಗಿನಿಂದ ನೀರಿನ ಬಾಟಲಿ ಎಳೆದು ಆಕೆಯ ಕೈಗೆ ಕೊಟ್ಟು, ಫುಟ್‌ಬೋರ್ಡಿನ ಮೇಲೆ ಅಡ್ಡ ನಿಂತಳು. ಮನೆಗೆ ಹೋಗಿ ತಗೊಂತೀನಿ ಎಂದು ಆಕೆ ಗೊಣಗಿದಳು. ಅಕ್ಕ ಜರುಗಲಿಲ್ಲ. ಕಂಡಕ್ಟರ್ ಹೊತ್ತಾಯ್ತು ಅಜ್ಜಿ ಎಂದ, ಸ್ವಲ್ಪ ತಾಳಪ್ಪ ಎಂದಳು. ಆಕೆ ನುಂಗಿ ನೀರು ಕುಡಿದಳು.

"ಬಾಯಿ ತೆಗಿ" ಎಂದಳು ಅಕ್ಕ. "ಹಾಂ, ಈಗ ನಾಲಿಗೆ ಎತ್ತು."

ಆಕೆ ಎತ್ತಿದಳು. ಅಕ್ಕ ಬಗ್ಗಿ ನೋಡಿ, ಕಂಡಕ್ಟರಿಗೆ ರೈಟ್ ಎಂದಳು.